ಲಸಿಕೆ ಫ್ರಿಜ್ಜಿನ ಮುಚ್ಚಳ ತೆಗೆದು ನೋಡಿದ ಡಾಕ್ಟರು ಮೇಲಿನ ಕುರ್ಚಿಯಲ್ಲಿ ಕೂರಲಿ

ಮಾನ್ಯ ಸಂಪಾದಕರೇ,

ಜುಲೈ 1ರ ವೈದ್ಯರ ದಿನಕ್ಕೆ ನೀವು ತಂದ ಪುರವಣಿ ತಿರುವಿ ಹಾಕಿದೆ. ಓದಲು ಜಾಸ್ತಿ ಇರಲಿಲ್ಲ, ನೋಡಲು ಇತ್ತು. ಹೃದಯದ ಡಾಕ್ಟರು, ಮಂಡಿ ಚಿಪ್ಪು ಬದಲಿಸುವ ಡಾಕ್ಟರು, ಕೂದಲು ನೆಡುವ ಡಾಕ್ಟರು, ಎಲ್ಲರೂ ಬಿಳಿ ಕೋಟು ಹಾಕಿ ಕೈಕಟ್ಟಿ ನಿಂತಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದರೆ ನಾವು ಪಿಎಚ್‌ಸಿ ಅನ್ನುವ ಕಡೆಯ ಡಾಕ್ಟರು ಮಾತ್ರ ಒಬ್ಬರೂ ಇಲ್ಲ. ಅವರ ಹತ್ತಿರ ಜಾಹೀರಾತಿಗೆ ದುಡ್ಡಿಲ್ಲ, ಅದು ನನಗೂ ಗೊತ್ತು.

ನಾನು 1984ರಲ್ಲಿ ಕೆಲಸಕ್ಕೆ ಸೇರಿದವಳು. ಮೊದಲು ಸಬ್ ಸೆಂಟರ್‌ನಲ್ಲಿ ಕಿರಿಯ ಆರೋಗ್ಯ ಸಹಾಯಕಿ, ಆಮೇಲೆ ಬಡ್ತಿ ಸಿಕ್ಕಿ ಪಿಎಚ್‌ಸಿಯಲ್ಲಿ ಹಿರಿಯ ಆರೋಗ್ಯ ಸಹಾಯಕಿ. ಜನರಿಗೆ ಎರಡೂ ಒಂದೇ, ನರ್ಸಮ್ಮ. ಮೂರು ಜಿಲ್ಲೆ ತಿರುಗಿ, ಕೊರೊನಾ ಬಂದ ವರ್ಷ ನಿವೃತ್ತಿಯಾಗಿ, ಈಗ ಕೊಳ್ಳೇಗಾಲದಲ್ಲಿದ್ದೇನೆ. ಊರಿನ ಆರೋಗ್ಯ ನೋಡಿಕೊಳ್ಳುವ ಕುರ್ಚಿಗೆ ಎಂಥ ಡಾಕ್ಟರು ಬೇಕು ಅನ್ನುವುದೇ ಈ ಪತ್ರದ ವಿಷಯ. ಸ್ವಲ್ಪ ಉದ್ದ ಆಗಬಹುದು. ಕತ್ತರಿಸುವುದಾದರೆ ಲಸಿಕೆಯ ವಿಷಯ ಮಾತ್ರ ಉಳಿಸಿ, ಮಿಕ್ಕದ್ದು ನಿಮ್ಮಿಷ್ಟ.

ಪುರವಣಿಯಲ್ಲಿ ಬಿಧಾನ್ ಚಂದ್ರ ರಾಯ್ ಅವರ ಫೋಟೋ ಮೂಲೆಯಲ್ಲಿ ಸ್ಟಾಂಪಿನಷ್ಟು ಇತ್ತು. ಅವರು ಹುಟ್ಟಿದ್ದು 1882ರ ಜುಲೈ 1, ತೀರಿಕೊಂಡದ್ದು 1962ರ ಜುಲೈ 1. ಅದಕ್ಕೇ ಆ ದಿನ ವೈದ್ಯರ ದಿನ. ಅವರು 1948ರಿಂದ ಸಾಯುವವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ. ಅಷ್ಟಾದರೂ ಬೆಳಗ್ಗೆ ಮನೆಯಲ್ಲಿ ರೋಗಿಗಳನ್ನು ಪುಕ್ಕಟೆ ನೋಡುವುದನ್ನು ಬಿಡಲಿಲ್ಲ. ಅಂಥವರ ಹೆಸರಿನ ದಿನದಲ್ಲಿ ಕೂದಲು ನೆಡುವವರ ಆಫರ್! ಹೋಗಲಿ ಬಿಡಿ.

ನಮ್ಮ ಕಡೆಯ ಒಬ್ಬ ಡಾಕ್ಟರನ್ನು ನೆನಪಿಸುತ್ತೇನೆ. ಡಾ. ಎಚ್. ಸುದರ್ಶನ್. ಬಿಳಿಗಿರಿರಂಗನ ಬೆಟ್ಟ ಅಂದ ತಕ್ಷಣ ಎಲ್ಲರೂ ಅವರ ಬಗ್ಗೆ ಒಂದೇ ಧಾಟಿಯಲ್ಲಿ ಮಾತಾಡುತ್ತಾರೆ. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದರು, ಪೇಟೆಯ ಪ್ರಾಕ್ಟೀಸ್ ಬಿಟ್ಟರು, ಕಾಡಿಗೆ ಬಂದರು, ಸೋಲಿಗರ ಸೇವೆ ಮಾಡಿದರು, 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ ಬಂತು, ಕೈ ಮುಗಿಯೋಣ. ಎಲ್ಲ ನಿಜ. ಆದರೆ ಈ ಕಥೆ ಕೇಳಿದ ಹುಡುಗ ಡಾಕ್ಟರು ಏನು ಅಂದುಕೊಳ್ಳುತ್ತಾನೆ? 'ಅದು ಸನ್ಯಾಸಿಗಳ ಕೆಲಸ, ನನ್ನಂಥವನಿಗಲ್ಲ' ಅಂತ. ಅಲ್ಲಿಗೆ ಮುಗಿಯಿತು.

ನಾನು ಅವರ ಕೈಕೆಳಗೆ ಕೆಲಸ ಮಾಡಿದವಳಲ್ಲ. ಪಕ್ಕದ ತಾಲ್ಲೂಕಿನಿಂದ ನೋಡಿದವಳು. ಪಕ್ಕದ ಮನೆಯವರಿಗೆ ಕೆಲವು ವಿಷಯ ಚೆನ್ನಾಗಿ ಕಾಣುತ್ತವೆ.

ನನ್ನ ಸೋದರಮಾವನ ಊರು ಯಳಂದೂರು ತಾಲ್ಲೂಕಿನಲ್ಲಿ. ಎಂಬತ್ತರ ದಶಕದ ಕೊನೆಯಲ್ಲಿ ಅವರ ಬೆನ್ನ ಮೇಲೆ, ಮುಂಗೈ ಮೇಲೆ ಮಾಸಿದ ಮಚ್ಚೆ ಬಂದವು. ಬೀಡಿಯ ಬೆಂಕಿ ತಾಗಿ ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮಹಾರೋಗ ಅನ್ನುವ ಮಾತು ಆಡಿದರೆ ಮಗಳ ಮದುವೆ ನಿಂತುಹೋಗುತ್ತಿತ್ತು. ಆಗ ಕರುಣಾ ಟ್ರಸ್ಟಿನ ಹುಡುಗರು ಮನೆಮನೆಗೆ ಸರ್ವೆಗೆ ಬಂದರು. 1986ರಲ್ಲಿ ಸುದರ್ಶನ್ ಅವರು ಆ ಟ್ರಸ್ಟ್ ಶುರು ಮಾಡಿದ್ದೇ ಯಳಂದೂರಿನ ಕುಷ್ಠಕ್ಕಾಗಿ. ಹುಡುಗ ಮಾವನನ್ನು ಬಿಸಿಲಿಗೆ ಕೂರಿಸಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿ 'ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ' ಅಂದ. ಮಚ್ಚೆಯ ಮೇಲೆ ಮುಟ್ಟಿದಾಗ ಮಾವ ಸುಮ್ನೆ ಕೂತಿದ್ದರು. ಅಷ್ಟೇ ಪರೀಕ್ಷೆ. ಆಮೇಲೆ ಮಾತ್ರೆಯ ಸ್ಟ್ರಿಪ್ ಕೊಟ್ಟರು.

ಒಂದು ದಿನ ಮಾವ ನಮ್ಮ ಮನೆಗೇ ಓಡಿಬಂದರು. "ಮೊಗಾ, ಉಚ್ಚೆ ಕೆಂಪಗೆ ಹೋಯ್ತದ ಕಣವ್ವಾ, ನಾ ಉಳಿಯಲ್ಲ" ಅಂದರು. ಕುಷ್ಠದ ಮಾತ್ರೆಗಳಲ್ಲಿ ಒಂದಾದ ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪಾಗುತ್ತದೆ. ಅದು ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೆ ಮಾತ್ರೆ ಕೊಟ್ಟ ಹುಡುಗ ಇದನ್ನು ಮೊದಲೇ ಹೇಳಿದ್ದನಂತೆ. ಮಾವನಿಗೆ ಮರೆತಿತ್ತು. ನಾನು ಸಮಾಧಾನ ಹೇಳಿ ಕಳಿಸಿದೆ. ಮೂರನೇ ದಿನಕ್ಕೆ ಆ ಹುಡುಗ ಮತ್ತೆ ಅವರ ಮನೆಗೆ ಹೋಗಿ ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಉಳಿದಿವೆ ಅಂತ ಎಣಿಸಿ ಬಂದನಂತೆ. ನನಗೆ ಹೊಟ್ಟೆಕಿಚ್ಚಾಗಿದ್ದು ಅಲ್ಲಿ. ನಮ್ಮ ರಿಜಿಸ್ಟರ್‌ನಲ್ಲಿ 'ಔಷಧಿ ನೀಡಲಾಗಿದೆ' ಅಂತ ಬರೆದರೆ ಕೇಸು ಮುಗಿಯಿತು. ಅವರ ರಿಜಿಸ್ಟರ್‌ನಲ್ಲಿ ಔಷಧಿ ಹೊಟ್ಟೆಗೆ ಹೋಯಿತೋ ಇಲ್ಲವೋ ಅಂತ ಗೊತ್ತಾಗುವವರೆಗೆ ಮುಗಿಯುತ್ತಿರಲಿಲ್ಲ.

1987ರಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಸಾವಿರ ಜನಕ್ಕೆ 21ಕ್ಕಿಂತ ಹೆಚ್ಚು ಕುಷ್ಠರೋಗಿಗಳಿದ್ದರು. 2005ರ ಹೊತ್ತಿಗೆ ಅದು ಸಾವಿರಕ್ಕೆ ಒಂದಕ್ಕಿಂತಲೂ ಕೆಳಗೆ ಇಳಿಯಿತು. ಔಷಧಿ ದೇಶಕ್ಕೆಲ್ಲ ಒಂದೇ ಇತ್ತು. ಸರ್ಕಾರವೇ ಪುಕ್ಕಟೆ ಕೊಡುತ್ತಿತ್ತು. ಇಲ್ಲಿ ಮಾತ್ರೆ ಎಣಿಸುವವರು ಇದ್ದರು.

ಕುಷ್ಠ ಹುಡುಕಲು ಹೋದವರಿಗೆ ಮೂರ್ಛೆ ರೋಗವೂ ಸಿಕ್ಕಿತು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಇದೆಲ್ಲ ನಾನೂ ಕಣ್ಣಾರೆ ಕಂಡದ್ದು. ಅದಕ್ಕೆ ಫಿನೋಬಾರ್ಬಿಟೋನ್ ಅನ್ನುವ ತುಂಬಾ ಅಗ್ಗದ ಮಾತ್ರೆ ಇದೆ. ಆದರೆ ದಿನಾ ನುಂಗಬೇಕು, ವರ್ಷಗಟ್ಟಲೆ, ನಡುವೆ ತಪ್ಪಬಾರದು. ಮತ್ತೆ ಅದೇ ಎಣಿಕೆ, ಅದೇ ಓಡಾಟ.

1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪಿಎಚ್‌ಸಿಯನ್ನು ನಡೆಸಲು ಇದೇ ಟ್ರಸ್ಟಿಗೆ ಕೊಟ್ಟರು. ಚಾಮರಾಜನಗರ ಜಿಲ್ಲೆ ಆಗ ಇನ್ನೂ ಆಗಿರಲಿಲ್ಲ, ನಾವೆಲ್ಲ ಮೈಸೂರು ಜಿಲ್ಲೆಯವರೇ. ಸರ್ಕಾರಿ ನೌಕರಳಾಗಿ ನನಗೆ ಸಿಟ್ಟೇ ಬಂತು. ನಾವೇನು ಕೈಲಾಗದವರಾ, ಆಸ್ಪತ್ರೆಯನ್ನೇ ಬೇರೆಯವರ ಕೈಗೆ ಕೊಡೋಕೆ? ಆ ಅನುಮಾನ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಒಳ್ಳೆಯ ಟ್ರಸ್ಟಿಗೆ ಕೊಟ್ಟರೆ ಸರಿ. ನಾಳೆ ಬಿಲ್ಲು ಮಾಡುವುದಕ್ಕೇ ಹುಟ್ಟಿದ ಟ್ರಸ್ಟ್ ಬಂದರೆ? ಆದರೂ ಗುಂಬಳ್ಳಿಗೆ ಒಮ್ಮೆ ಹೋದಾಗ ಡಾಕ್ಟರು ಮಧ್ಯಾಹ್ನ ಮೂರಕ್ಕೂ ಕುರ್ಚಿಯಲ್ಲಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು.

ಈಗ ಲಸಿಕೆಯ ವಿಷಯ. ಇದು ನನ್ನದೇ ಅನುಭವ. ಯಾವ ಜಿಲ್ಲೆ, ಯಾರು ಎಂದು ಕೇಳಬೇಡಿ.

ಐಎಲ್‌ಆರ್ ಅಂದರೆ ಪಿಎಚ್‌ಸಿಯಲ್ಲಿ ಲಸಿಕೆ ಇಡುವ ಪೆಟ್ಟಿಗೆಯಂಥ ಫ್ರಿಜ್. ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ಒಳಗೋಡೆಯ ಸುತ್ತ ಮಂಜು ಕಟ್ಟಿರುತ್ತದೆ, ಹಾಗಾಗಿ ಕರೆಂಟು ಹೋದರೂ ಗಂಟೆಗಟ್ಟಲೆ ತಂಪು ನಿಲ್ಲುತ್ತದೆ. ಒಳಗೆ 2ರಿಂದ 8 ಡಿಗ್ರಿ ಇರಬೇಕು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಪೋಲಿಯೋ ಹನಿ, ದಡಾರದ ಲಸಿಕೆ ತಳದಲ್ಲಿದ್ದರೂ ನಡೆಯುತ್ತದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಕೊಡುವ ಡಿಪಿಟಿ, ಆಗಿನ ಧನುರ್ವಾಯುವಿನ ಟಿಟಿ ಮಾತ್ರ ಮೇಲಿನ ಬುಟ್ಟಿಯಲ್ಲೇ ಇರಬೇಕು. ಅವು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆ. ಜನ ಮಾತ್ರವಲ್ಲ, ಎಷ್ಟೋ ಡಾಕ್ಟರುಗಳೂ 'ತಂಪು ಜಾಸ್ತಿ ಆದಷ್ಟೂ ಒಳ್ಳೆಯದು' ಅಂದುಕೊಂಡಿರುತ್ತಾರೆ. ಲಸಿಕೆ ಬಿಸಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು, ಚಳಿಗೆ ಕೆಡುತ್ತದೆ ಅಂತ ಐಎಲ್‌ಆರ್ ಕಾದವರಿಗೆ ಗೊತ್ತು.

ಆ ವರ್ಷ ನಮಗೆ ಹೊಸ ಮೇಲಧಿಕಾರಿ ಬಂದಿದ್ದರು. ಕಣ್ಣಿನ ಡಾಕ್ಟರು. ಅವರ ಕೈ ಎಂಥದ್ದು ಅಂದರೆ, ನಮ್ಮ ಅತ್ತೆಯ ಎರಡೂ ಕಣ್ಣಿನ ಪೊರೆ ತೆಗೆದವರು ಅವರೇ, ಅತ್ತೆ ಸಾಯುವವರೆಗೂ ಅಕ್ಕಿಯಲ್ಲಿನ ಕಲ್ಲು ತಾವೇ ಆರಿಸುತ್ತಿದ್ದರು. ಸರ್ವಿಸ್ ಲೆಕ್ಕದಲ್ಲಿ ಬಡ್ತಿಯ ಸರದಿ ಬಂತು. ಆಪರೇಷನ್ ಮೇಜಿನಿಂದ ಎಬ್ಬಿಸಿ, ಲಸಿಕೆ, ಮಲೇರಿಯಾ, ಹೆರಿಗೆ, ನೀರಿನ ಪರೀಕ್ಷೆ ಎಲ್ಲವನ್ನೂ ನೋಡಿಕೊಳ್ಳುವ ಕುರ್ಚಿಯಲ್ಲಿ ಕೂರಿಸಿದರು. ಒಂದು ಬುಧವಾರ, ಏಪ್ರಿಲ್ ಬಿಸಿಲಿನಲ್ಲಿ, ನಮ್ಮ ಪಿಎಚ್‌ಸಿಗೆ ತಪಾಸಣೆಗೆ ಬಂದರು. ಐಎಲ್‌ಆರ್‌ಗೆ ಕೈ ಹಾಕಿ ಡಿಪಿಟಿ ಸೀಸೆ ಮುಟ್ಟಿದರು. "ಏನು ಸಿಸ್ಟರ್, ಇದು ತಂಪೇ ಇಲ್ಲವಲ್ಲ" ಅಂದರು. ನಾನು ಥರ್ಮಾಮೀಟರ್ ತೋರಿಸಿದೆ. ಆರು ಡಿಗ್ರಿ ಇತ್ತು. "ಈ ಸೆಕೆಯಲ್ಲಿ ಆರು ಸಾಲದು" ಅಂತ ತಾವೇ ಬಗ್ಗಿ ಥರ್ಮೋಸ್ಟ್ಯಾಟ್ ಗುಬ್ಬಿ, ಅಂದರೆ ತಂಪು ಹೆಚ್ಚು ಕಡಿಮೆ ಮಾಡುವ ತಿರುಗಣಿ, ತಿರುಗಿಸಿದರು. ಅದರ ಮೇಲೆ ಯಾರೂ ಮುಟ್ಟಬಾರದು ಅಂತ ನಾನೇ ಟೇಪ್ ಅಂಟಿಸಿದ್ದೆ. ಟೇಪನ್ನೂ ಕಿತ್ತರು. "ಸಾರ್, ಬೇಡ ಸಾರ್" ಅಂದೆ. ಎರಡನೇ ಸಲ ಹೇಳಲಿಲ್ಲ. ಅಲ್ಲಿ ನಾನೂ ತಪ್ಪಿದೆ. ಅವರು ಜೀಪು ಹತ್ತಿದ ಮೇಲಾದರೂ ಗುಬ್ಬಿಯನ್ನು ವಾಪಸ್ ತಿರುಗಿಸಬಹುದಿತ್ತು. ಸಾಹೇಬರು ಮಾಡಿದ್ದನ್ನು ನಾನು ಬದಲಿಸಿದೆ ಅಂತ ಯಾರಾದರೂ ಹೇಳಿದರೆ ಅನ್ನುವ ಭಯ.

ಮಾರನೆಯ ದಿನ ಗುರುವಾರ. ಲಸಿಕೆಯ ದಿನ. ಬೆಳಗ್ಗೆ ಎಂಟಕ್ಕೆ ಮುಚ್ಚಳ ತೆಗೆದರೆ ಮುಳ್ಳು ಸೊನ್ನೆಯ ಕೆಳಗಿತ್ತು. ಹೊರಗೆ ಇಪ್ಪತ್ತಕ್ಕೂ ಹೆಚ್ಚು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕೂತಿದ್ದರು. ಕೂಲಿ ಬಿಟ್ಟು ಬಂದವರು. ಪೋಲಿಯೋ ಹನಿ ಹಾಕಿದೆ. ಡಿಪಿಟಿ ಇವತ್ತು ಇಲ್ಲ, ಮುಂದಿನ ವಾರ ಬನ್ನಿ ಅಂದೆ. ಒಬ್ಬಳು ನನ್ನ ಮುಖ ನೋಡಿ "ಇವತ್ತಿನ ಕೂಲಿ ನೀ ಕೊಡ್ತೀಯಾ ನರ್ಸಮ್ಮ?" ಅಂದಳು. ಏನು ಹೇಳಲಿ?

ಆ ರಾತ್ರಿ, ಹೋಲಿಸಿ ನೋಡಲು, ಒಂದು ಡಿಪಿಟಿ ಸೀಸೆಯನ್ನು ಬೇಕಂತಲೇ ಡೀಪ್ ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡಿದೆ. ಶುಕ್ರವಾರ ಅದನ್ನು ಕರಗಿಸಿ, ಬುಟ್ಟಿಯ ಸೀಸೆಯನ್ನೂ ಜೊತೆಗೆ ಹಿಡಿದು ಎರಡನ್ನೂ ಅಲುಗಿಸಿ ಮೇಜಿನ ಮೇಲಿಟ್ಟೆ. ಶೇಕ್ ಟೆಸ್ಟ್ ಅಂತಾರೆ ಇದಕ್ಕೆ. ಚೆನ್ನಾಗಿರುವ ಲಸಿಕೆ ಹಾಲಿನ ಹಾಗೆ ಮೋಡವಾಗಿ ನಿಲ್ಲುತ್ತದೆ. ಕೆಟ್ಟದ್ದರಲ್ಲಿ ಬಿಳಿ ಚೂರುಗಳು ಬೇಗ ಬೇಗ ತಳಕ್ಕೆ ಇಳಿಯುತ್ತವೆ. ಎರಡೂ ಸೀಸೆ ಒಂದೇ ಥರ ಇಳಿದವು. ಬುಟ್ಟಿಯಲ್ಲಿದ್ದ ಅಷ್ಟೂ ಡಿಪಿಟಿ ಎಸೆದೆವು. ಹತ್ತು ದಿನಕ್ಕೆ ನನಗೇ ಕಾರಣ ಕೇಳಿ ನೋಟಿಸ್ ಬಂತು. ಉತ್ತರದಲ್ಲಿ ಗುಬ್ಬಿ ತಿರುಗಿಸಿದವರು ಯಾರು ಅಂತ ನಾನು ಬರೆಯಲಿಲ್ಲ. ಕರೆಂಟಿನ ಏರುಪೇರು ಅಂತ ಬರೆದೆ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಆ ಡಾಕ್ಟರು ಕೆಟ್ಟವರಲ್ಲ. ಲಂಚ ಮುಟ್ಟುತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದ ಕೆಲಸಕ್ಕೆ ಅವರನ್ನು ಕೂರಿಸಿದ್ದರು. ಒಳ್ಳೆಯ ಸರ್ಜನ್ ಒಬ್ಬರು ಕಡಿಮೆಯಾದರು, ಸಿಕ್ಕಿದ್ದು ಗುಬ್ಬಿ ತಿರುಗಿಸುವ ಅಧಿಕಾರಿ.

ಇದನ್ನೇ ಸುದರ್ಶನ್ ಅವರ ಸಮಿತಿ ಹೇಳಿತ್ತು. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಆರೋಗ್ಯಕ್ಕೆ ಒಂದು ಕಾರ್ಯಪಡೆ ಮಾಡಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 2001ರಲ್ಲಿ ವರದಿ ಕೊಟ್ಟರು. ಇಲಾಖೆಯ ಲಂಚಗುಳಿತನವನ್ನು ಅದರಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದರು. ಸರ್ಕಾರ ಕೇಳಿ ಬರೆಸಿದ ವರದಿಯಲ್ಲಿ ಸರ್ಕಾರದ್ದೇ ಇಲಾಖೆಯ ಬಗ್ಗೆ ಅಂಥ ಮಾತು! ನಮ್ಮ ಪಿಎಚ್‌ಸಿಯ ಗುಮಾಸ್ತರು ಅದರ ಸುದ್ದಿಯನ್ನು ಪೇಪರಿನಲ್ಲಿ ಜೋರಾಗಿ ಓದಿ, ಆಮೇಲೆ ಬಾಗಿಲ ಕಡೆ ತಿರುಗಿ ನೋಡಿದ್ದು ನೆನಪಿದೆ. ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. ಸಾರ್ವಜನಿಕ ಆರೋಗ್ಯಕ್ಕೆ ಬೇರೆಯದೇ ಕೇಡರ್, ಅಂದರೆ ಅಧಿಕಾರಿಗಳ ಬೇರೆಯದೇ ಸಾಲು ಬೇಕು, ರೋಗಿ ನೋಡುವ ಸ್ಪೆಷಲಿಸ್ಟ್‌ಗಳ ಸಾಲು ಬೇರೆ, ಊರಿನ ಆರೋಗ್ಯ ಕಾಯುವವರ ಸಾಲು ಬೇರೆ. ಈ ಎರಡನೆಯ ಮಾತು ಯಾವ ಪೇಪರಿಗೂ ರುಚಿಸಿದ ಹಾಗೆ ಕಾಣಲಿಲ್ಲ.

ಆಮೇಲೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದ ಕಾಲದಲ್ಲಿ ಸುದರ್ಶನ್ ಅಲ್ಲೇ ಆರೋಗ್ಯದ ಜಾಗೃತ ನಿರ್ದೇಶಕರಾಗಿ ಕೂತರು. ಆಸ್ಪತ್ರೆಗಳ ಮೇಲೆ ದಾಳಿಗಳಾಗುತ್ತಿದ್ದ ದಿನಗಳು ಅವು. ನಮ್ಮಲ್ಲಿ ಎಲ್ಲರೂ ಸಮಯಕ್ಕೆ ಸರಿಯಾಗಿ ಬರತೊಡಗಿದರು, ಕೆಲವರು ಸಮಯಕ್ಕೂ ಮುಂಚೆ. ಲೋಕಾಯುಕ್ತದ ಹೆಸರಿಗೆ ಆ ಹೆದರಿಕೆ ಇದ್ದೇ ಇತ್ತು. ಆದರೆ ಆಸ್ಪತ್ರೆಯಲ್ಲಿ ದುಡಿದವರು ತಪಾಸಣೆಗೆ ಕೂತಾಗ ಹೆದರಿಕೆಯ ಬಗೆಯೇ ಬೇರೆ. ಬೇರೆ ಇಲಾಖೆಯವರು ಬಂದರೆ ಹಾಜರಿ ಪುಸ್ತಕ ನೋಡುತ್ತಾರೆ. ಸಹಿ ಇದ್ದರೆ ಮುಗಿಯಿತು. ಪಿಎಚ್‌ಸಿ ಗೊತ್ತಿರುವವರು ಔಷಧಿಯ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ ತೆಗೆಸುತ್ತಾರೆ, ಸ್ಟಾಕ್ ಪುಸ್ತಕದ ಪಕ್ಕದಲ್ಲಿ ಹೊರರೋಗಿಗಳ ಒಪಿಡಿ ಚೀಟಿ ಇಡುತ್ತಾರೆ. ಚೀಟಿಯಲ್ಲಿ ಇಲ್ಲದ ಮಾತ್ರೆ ಪುಸ್ತಕದಲ್ಲಿ ಖರ್ಚಾಗಿದ್ದರೆ ಅಲ್ಲೇ ಸಿಕ್ಕಿಬಿದ್ದಂತೆ. ಕುಷ್ಠದ ಮಾತ್ರೆ ಎಣಿಸಿ ಬೆಳೆದ ಕಣ್ಣು ಎಲ್ಲಿ ನೋಡಬೇಕೋ ಅಲ್ಲೇ ನೋಡುತ್ತದೆ. ಅವರ ಬಾಳಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು. ಬೆಟ್ಟಕ್ಕೆ ಹೋದ ತ್ಯಾಗದ ಬಗ್ಗೆ ಬೇರೆಯವರು ಬರೆಯಲಿ. ಬೆಟ್ಟದಿಂದ ಇಳಿದು ಲೋಕಾಯುಕ್ತದ ಕುರ್ಚಿಯಲ್ಲಿ ಕೂತಾಗ ಅವರ ಕೈಯಲ್ಲಿ ಸಬ್ ಸೆಂಟರ್‌ನ ಲೆಕ್ಕ ಇತ್ತು.

ಬೇರೆ ಕೇಡರ್ ಅಂದರೆ ಎಲ್ಲೂ ಇಲ್ಲದ ವಿಚಿತ್ರವೇನಲ್ಲ. ತಮಿಳುನಾಡಿನಲ್ಲಿ ಮೊದಲಿಂದ ಇದೆ. ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ 1939ರಲ್ಲೇ ಬಂತು. ಒಂದು ತಮಾಷೆ ಹೇಳುತ್ತೇನೆ. ನಮ್ಮ ಕೊಳ್ಳೇಗಾಲ 1956ರವರೆಗೆ ಆಗಿನ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದರೆ ನಮ್ಮ ತಾತ ಆ ಕಾಯ್ದೆಯ ಕೆಳಗೆ ಬದುಕಿದವರು. ಕನ್ನಡನಾಡಿಗೆ ಸೇರಿದ್ದು ಸಂತೋಷವೇ, ಅದರಲ್ಲಿ ಎರಡು ಮಾತಿಲ್ಲ. ಬರುವಾಗ ಅದೊಂದನ್ನು ಗಂಟು ಕಟ್ಟಿಕೊಂಡು ಬರಬಹುದಿತ್ತು.

ನಿಮ್ಮ ಪೇಪರಿನಲ್ಲಿ ಆಗಾಗ ಬರುತ್ತದೆ, 'ಹಳ್ಳಿಗೆ ಹೋಗಲು ಡಾಕ್ಟರುಗಳಿಗೆ ಇಷ್ಟವಿಲ್ಲ' ಅಂತ. ಸ್ವಲ್ಪ ನಿಧಾನಿಸಿ. ಕಡ್ಡಾಯ ಸೇವೆಗೆ ಬರುವ ಹುಡುಗ ಹುಡುಗಿಯರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾವು ಬಾಂಡ್ ಡಾಕ್ಟರ್ ಅನ್ನುತ್ತೇವೆ. ಕೆಲವರು ಬಂದ ದಿನದಿಂದಲೇ ಕ್ಯಾಲೆಂಡರಿಗೆ ಗೀಟು ಹಾಕುತ್ತಾರೆ, ಅದು ನಿಜ. ಆದರೆ ಅವರಿಗೆ ಕೊಡುವ ಕ್ವಾರ್ಟರ್ಸ್‌ನಲ್ಲಿ ನೀವು ಒಂದು ರಾತ್ರಿ ಮಲಗಿ ನೋಡಿ. ನಾನಿದ್ದ ಒಂದು ಕಡೆ ಕ್ವಾರ್ಟರ್ಸ್ ಒಳಗೆ ಊರಿನವರ ರಾಗಿ ಮೂಟೆಗಳಿದ್ದವು. ಡಾಕ್ಟರಮ್ಮ ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಮೊದಲ ದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಸಿಸ್ಟರ್, ಈ ರಿಜಿಸ್ಟರ್ ಹೇಗೆ ತುಂಬೋದು, ಕಾಲೇಜಲ್ಲಿ ಯಾರೂ ತೋರಿಸಲೇ ಇಲ್ಲ" ಅಂದಳು. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದ ಡಾಕ್ಟರು ಇನ್ನೊಬ್ಬರಿಲ್ಲ. ಗರ್ಭಿಣಿಯರ ಪಟ್ಟಿ, ಸತ್ತ ಕೂಸುಗಳ ಪಟ್ಟಿ, ಐಎಲ್‌ಆರ್ ಪುಸ್ತಕ, ಎಲ್ಲ ಕಲಿತಳು. ಆಶಾ ಹೆಂಗಸರ ಜೊತೆ ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು.

ಆಮೇಲೆ ಎಂಡಿಗೆ ಕಮ್ಯುನಿಟಿ ಮೆಡಿಸಿನ್, ಅಂದರೆ ಊರಿನ ಆರೋಗ್ಯ ಕಾಯುವ ವಿಷಯ ತೆಗೆದುಕೊಂಡಳು. ಒಳ್ಳೆಯ ರ‍್ಯಾಂಕ್ ಇತ್ತು, ಬೇರೆ ಏನು ಬೇಕಾದರೂ ಸಿಗುತ್ತಿತ್ತು. ಜೊತೆಯವರು ನಕ್ಕರಂತೆ. ಅದು ಏನೂ ಸಿಗದವರು ತೆಗೆದುಕೊಳ್ಳುವ ಸೀಟು ಅಂತ. ಅವಳ ಅಪ್ಪ ನನಗೇ ಫೋನ್ ಮಾಡಿ, "ನೀವೇ ಹೇಳಿ ಕೆಡಿಸಿದ್ದೀರಿ" ಅಂದರು. ಅರ್ಧ ತಮಾಷೆ, ಅರ್ಧ ನಿಜ. ಅವಳನ್ನು ಕೇಳಿದೆ, ಮುಂದೆ ಏನು ಮಾಡುತ್ತೀಯಾ ಮಗಳೇ ಅಂತ. "ಇಲಾಖೆಗೆ ಬರ್ತೀನಿ ಸಿಸ್ಟರ್. ಆದರೆ ನನಗಿಂತ ಸೀನಿಯರ್ ಆದ ಮೂಳೆ ಡಾಕ್ಟರು ಯಾರೋ ನನ್ನ ಮೇಲೆ ಬಂದು ಕೂತು ಮಲೇರಿಯಾ ಬಗ್ಗೆ ಪಾಠ ಹೇಳಿದರೆ ಏನು ಮಾಡಲಿ?" ಅಂದಳು. ನನಗೆ ಗುಬ್ಬಿ ನೆನಪಾಯಿತು. ಸುಮ್ಮನಾದೆ.

ಕೊರೊನಾ ಕಾಲದಲ್ಲಿ ಎಲ್ಲರೂ ವೆಂಟಿಲೇಟರ್ ಎಣಿಸಿದರು. ಸೋಂಕಿತರ ಮನೆ ಹುಡುಕಿ, ಯಾರ ಜೊತೆ ಊಟ ಮಾಡಿದೆ, ಯಾವ ಬಸ್ಸಿನಲ್ಲಿ ಬಂದೆ ಅಂತ ಕೇಳಿ ಬರೆದುಕೊಂಡವರು ನಾವು, ಆಶಾಗಳು, ಅಂಗನವಾಡಿಯವರು. ಆ ಪಟ್ಟಿಯನ್ನು ಓದಿ ಅರ್ಥ ಮಾಡಿಕೊಳ್ಳುವವರು ಮೇಲೆ ಇದ್ದ ಕಡೆ ನಮ್ಮ ಓಡಾಟ ಉಪಯೋಗಕ್ಕೆ ಬಂತು. ಇಲ್ಲದ ಕಡೆ ಪಟ್ಟಿ ಕಡತಕ್ಕೆ ಸೇರಿತು.

ಹಾಗಾಗಿ ಸರ್ಕಾರಕ್ಕೆ ನಿಮ್ಮ ಮೂಲಕ ಕೇಳುವುದು ಇಷ್ಟು. ಕಣ್ಣಿನ ಡಾಕ್ಟರನ್ನು ಕಣ್ಣಿನ ಹತ್ತಿರವೇ ಬಿಡಿ. ಬಡ್ತಿ, ಸಂಬಳ ಅಲ್ಲೇ ಕೊಡಿ, ಬೇಡ ಅನ್ನುವವರು ಯಾರು? ತಾಲ್ಲೂಕು, ಜಿಲ್ಲೆಯ ಆರೋಗ್ಯ ನೋಡಿಕೊಳ್ಳುವ ಕುರ್ಚಿಗೆ ಪಿಎಚ್‌ಸಿಯಲ್ಲಿ ಕೆಲವು ವರ್ಷ ನಿಜವಾಗಿ ದುಡಿದವರನ್ನೇ ಕೂರಿಸಿ. 2001ರ ವರದಿ ಯಾವ ಬೀರುವಿನಲ್ಲಿದೆಯೋ, ಅದರ ಬೀಗದ ಕೈ ಯಾರ ಹತ್ತಿರ ಇದೆಯೋ ಹುಡುಕಿಸಿ.

ನಿಮಗೂ ಒಂದು ಕೋರಿಕೆ ಇದೆ. ಮುಂದಿನ ವೈದ್ಯರ ದಿನದ ಪುರವಣಿಗೆ ಮುಂಚೆ ಒಂದು ಗುರುವಾರ ನಿಮ್ಮ ವರದಿಗಾರರನ್ನು ಕೊಳ್ಳೇಗಾಲಕ್ಕೆ ಕಳಿಸಿ. ಬೆಳಗ್ಗೆ ಎಂಟಕ್ಕೇ ಬರಬೇಕು, ಹತ್ತಕ್ಕೆ ಬಂದರೆ ತಾಯಂದಿರು ಗದ್ದೆಗೆ ಹೋಗಿಬಿಟ್ಟಿರುತ್ತಾರೆ. ಯಾವ ಪಿಎಚ್‌ಸಿಗೆ ಬೇಕಾದರೂ ನಾನೇ ಕರೆದುಕೊಂಡು ಹೋಗುತ್ತೇನೆ, ಈಗಿನ ಸಿಸ್ಟರುಗಳು ನನಗೆ ಗೊತ್ತಿರುವವರೇ. ಇಡ್ಲಿ ಟೀ ನನ್ನ ಲೆಕ್ಕ. ಐಎಲ್‌ಆರ್ ಮುಚ್ಚಳ ತೆಗೆದು ನೋಡಲಿ. ಗುಬ್ಬಿ ಮಾತ್ರ ಮುಟ್ಟಬೇಡಿ ಅಂತ ಮೊದಲೇ ಹೇಳಿ ಕಳಿಸಿ.

ಇಂತಿ,
ಒಬ್ಬ ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ
ಕೊಳ್ಳೇಗಾಲ